ಡಿಎನ್‌ಎ ರಿಪೋರ್ಟ್ ಬಂತು, ಈಗ ಯಾವ ಜೋಡಿ? ನಾಯಿ ತಳಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಡಿಎನ್‌ಎ ಟೆಸ್ಟ್ ಮಾಡಿಸಿದ್ದೇವೆ, ಏನೇನೋ ನಂಬರ್ ಬಂದಿದೆ, ಯಾವ ಹೆಣ್ಣಿಗೆ ಯಾವ ಗಂಡು ಅಂತ ಹೇಗೆ ತೀರ್ಮಾನ ಮಾಡೋದು ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಹೆಣ್ಣು ಲ್ಯಾಬ್ರಡಾರ್‌ಗೆ ಮೂರು ವರ್ಷ. ಸೊಂಟ, ಮೊಣಕೈ, ಕಣ್ಣು ಎಲ್ಲ ಪರೀಕ್ಷೆ ಚೆನ್ನಾಗಿ ಬಂದಿವೆ. ಸ್ವಭಾವವಂತೂ ಬಂಗಾರ. ಪೆಡಿಗ್ರೀ (ವಂಶಾವಳಿ ಕಾಗದ) ಹಿಡಿದು ಲೆಕ್ಕ ಹಾಕಿದರೆ ಅವಳ ಸಿಓಐ, ಅಂದರೆ ಒಳನಂಟಿನ ಪ್ರಮಾಣ, 3%. ಡಿಎನ್‌ಎ ರಿಪೋರ್ಟಿನಲ್ಲಿ ಮಾತ್ರ 27% ಅಂತ ಇದೆ. ಯಾವುದು ನಿಜ? ಇಷ್ಟು ಜಾಸ್ತಿ ಇರುವವಳಿಂದ ಮರಿ ಮಾಡಿಸುವುದು ತಪ್ಪಾ?

ಉತ್ತರ: ಎರಡೂ ನಿಜ. ಎರಡೂ ಬೇರೆ ಬೇರೆ ವಿಷಯ ಹೇಳುತ್ತಿವೆ ಅಷ್ಟೇ. ಮತ್ತೆ, ತಪ್ಪಲ್ಲ. ದಯವಿಟ್ಟು ಅವಳನ್ನು ಪಟ್ಟಿಯಿಂದ ತೆಗೆದುಹಾಕಬೇಡಿ.

ಮೊದಲು ಸಿಓಐ ಅಂದರೆ ಏನು ಅಂತ ನೋಡೋಣ. ಪ್ರತಿ ನಾಯಿಯಲ್ಲೂ ಒಂದೊಂದು ಜೀನ್‌ಗೆ ಎರಡೆರಡು ಪ್ರತಿ ಇರುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು. ಹಿಂದೆಲ್ಲೋ ಇದ್ದ ಒಂದೇ ಪೂರ್ವಜ ನಾಯಿಯ ಒಂದೇ ಪ್ರತಿ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಇಳಿದು ಬಂದು ಒಂದೇ ಮರಿಯಲ್ಲಿ ಸೇರುವ ಸಾಧ್ಯತೆ ಎಷ್ಟು ಅನ್ನುವುದೇ ಸಿಓಐ. ಅಮೆರಿಕದ ವಿಜ್ಞಾನಿ ಸ್ಯೂಅಲ್ ರೈಟ್ 1922ರಲ್ಲಿ ಇದನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. ಒಂದೇ ಅಪ್ಪ-ಅಮ್ಮನಿಗೆ ಹುಟ್ಟಿದ ಗಂಡು-ಹೆಣ್ಣು ಕೂಡಿದರೆ ಮರಿಗಳ ಸಿಓಐ 25%. ಅಪ್ಪ-ಮಗಳಾದರೂ ಅಷ್ಟೇ. ಅಪ್ಪ ಒಬ್ಬನೇ, ಅಮ್ಮ ಬೇರೆ ಬೇರೆ ಆದರೆ 12.5%. ಅಣ್ಣ-ತಮ್ಮಂದಿರ ಮಕ್ಕಳು ಪರಸ್ಪರ ಕೂಡಿದರೆ 6.25%. ಹಿಂದಿನವರಲ್ಲಿ ಬೇರೆ ನಂಟೇ ಇಲ್ಲ ಅಂತ ಇಟ್ಟುಕೊಂಡರೆ ಬರುವ ಲೆಕ್ಕ ಇದು.

ಆ ಕೊನೆಯ ಮಾತಿನಲ್ಲೇ ಎಡವಟ್ಟು ಇರುವುದು. ಪೆಡಿಗ್ರೀ ಕಾಗದ ಎಲ್ಲಿ ಮುಗಿಯುತ್ತದೋ ಅಲ್ಲಿರುವ ನಾಯಿಗಳಿಗೆಲ್ಲ ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ಲೆಕ್ಕ ಅಂದುಕೊಂಡುಬಿಡುತ್ತದೆ. ನಾನು ನನ್ನ ಮೊದಲ ಹೆಣ್ಣುನಾಯಿಯ ಐದು ತಲೆಮಾರಿನ ಹಾಳೆ ಹಿಡಿದು ಕೂತಿದ್ದು ಈಗಲೂ ನೆನಪಿದೆ. ಐದು ತಲೆಮಾರು ಅಂದರೆ 62 ಹೆಸರು. ಎರಡು ಸಲ ಬಂದ ಹೆಸರು ಒಂದೂ ಇರಲಿಲ್ಲ. ಖುಷಿಯಾಯಿತು. ಆಮೇಲೆ ಹಿರಿಯ ಬ್ರೀಡರ್ ಒಬ್ಬರು ಇನ್ನೂ ಐದು ತಲೆಮಾರು ಹಿಂದೆ ಹೋಗು ಅಂದರು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಅಂಟಿಸಿ, ನೆಲದ ಮೇಲೆ ಹಾಸಿ, ಹೆಸರು ತುಂಬಿಸುತ್ತಾ ಹೋದೆ. ಮತ್ತೆ ಬಂದ ಹೆಸರಿಗೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು. ಎಂಟನೇ ತಲೆಮಾರು ದಾಟುವಷ್ಟರಲ್ಲಿ ಹಾಳೆಯ ಬಲಗಡೆಯೆಲ್ಲ ಕೆಂಪಗಾಗಿತ್ತು. ಒಂದೇ ಗಂಡುನಾಯಿಯ ಹೆಸರು ಅಪ್ಪನ ಕಡೆಯೂ ಅಮ್ಮನ ಕಡೆಯೂ ಮತ್ತೆ ಮತ್ತೆ ಬರುತ್ತಿತ್ತು. ಹತ್ತು ತಲೆಮಾರಿಗೆ ಒಟ್ಟು 2,046 ಜಾಗ ಇರಬೇಕು. ಅಷ್ಟು ಬೇರೆ ಬೇರೆ ನಾಯಿ ಅಲ್ಲಿ ಇರಲೇ ಇಲ್ಲ.

ಡಿಎನ್‌ಎ ಟೆಸ್ಟ್ ಈ ಕಾಗದವನ್ನು ನಂಬಿಕೊಂಡು ಕೂರುವುದಿಲ್ಲ. ನಾಯಿಯ 39 ಜೊತೆ ಕ್ರೋಮೋಸೋಮ್‌ಗಳಲ್ಲಿ, ಅಪ್ಪನ ಪ್ರತಿ ಮತ್ತು ಅಮ್ಮನ ಪ್ರತಿ ಉದ್ದಕ್ಕೂ ಒಂದೇ ಥರ ಇರುವ ತುಂಡುಗಳು ಎಷ್ಟಿವೆ ಅಂತ ನೇರವಾಗಿ ಅಳೆಯುತ್ತದೆ. ಪೆಡಿಗ್ರೀ ಬರೆಯಲು ಶುರು ಮಾಡುವ ಮೊದಲೇ ಇದ್ದ ನಂಟು ಕೂಡ ಅದರಲ್ಲಿ ಕಾಣುತ್ತದೆ. ಒಂದೇ ಸೂಲಿನ ಮರಿಗಳಿಗೆ ಪೆಡಿಗ್ರೀ ಸಿಓಐ ಒಂದೇ ಇರುತ್ತದೆ, ಡಿಎನ್‌ಎ ಸಿಓಐ ಮಾತ್ರ ಮರಿಯಿಂದ ಮರಿಗೆ ಬೇರೆ ಬೇರೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ 227 ತಳಿಗಳ ಡಿಎನ್‌ಎ ನೋಡಿ, ಸರಾಸರಿ ಒಳನಂಟು ಸುಮಾರು 25% ಇದೆ ಅಂತ ಕಂಡುಕೊಂಡಿತು. ಒಡಹುಟ್ಟಿದವುಗಳನ್ನು ಕೂಡಿಸಿದರೆ ಬರುವಷ್ಟು! ಅಂದರೆ ನಿಮ್ಮ ಹುಡುಗಿ ವಿಚಿತ್ರವೇನಲ್ಲ. ಶುದ್ಧ ತಳಿಗಳ ಇವತ್ತಿನ ಪರಿಸ್ಥಿತಿಯೇ ಹೀಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜನ ಜಾಸ್ತಿ ತಪ್ಪು ತಿಳಿದುಕೊಂಡಿರುವುದು ಇದನ್ನೇ. ಅವಳ 27% ಮರಿಗಳಿಗೆ ಹೋಗುವುದಿಲ್ಲ. ಸಿಓಐ ಆಸ್ತಿಯ ಹಾಗೆ ಅಮ್ಮನಿಂದ ಮಕ್ಕಳಿಗೆ ಇಳಿಯುವಂಥದ್ದಲ್ಲ. ಅವಳಲ್ಲಿ ಎರಡು ಪ್ರತಿ ಒಂದೇ ಥರ ಇದ್ದರೂ ಮರಿಗೆ ಕೊಡುವುದು ಒಂದನ್ನೇ, ಇನ್ನೊಂದು ಗಂಡಿನಿಂದ ಬರಬೇಕು. ಅವಳಿಗೆ ನಂಟು ತೀರಾ ಕಡಿಮೆ ಇರುವ ಗಂಡು ಸಿಕ್ಕರೆ ಮರಿಗಳ ಸಿಓಐ ಅವಳದ್ದಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ. ಉಲ್ಟಾನೂ ಅಷ್ಟೇ ನಿಜ. 5% ಇರುವ ಹೆಣ್ಣಿಗೆ 5% ಇರುವ ಗಂಡು ಕೂಡಿಸಿದಿರಿ, ಅವೆರಡೂ ಒಂದೇ ಮನೆತನದವು ಅಂದರೆ ಮರಿಗಳದ್ದು ಮೇಲಕ್ಕೆ ಹಾರುತ್ತದೆ. ಆದ್ದರಿಂದ ನೀವು ಕೇಳಬೇಕಾದ್ದು ‘ಇವಳ ಸಿಓಐ ಎಷ್ಟು’ ಅಂತಲ್ಲ. ‘ಇವಳಿಗೂ ಆ ಗಂಡಿಗೂ ನಂಟು ಎಷ್ಟು’ ಅಂತ. ಆ ನಂಟಿನ ಅಳತೆಯೇ ಹುಟ್ಟಲಿರುವ ಮರಿಗಳ ಅಂದಾಜು ಸಿಓಐ.

ಹಾಗಂತ ಅವಳ ಸ್ವಂತ ನಂಬರ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಗೋಲ್ಡನ್ ರಿಟ್ರೀವರ್‌ಗಳ ಮೇಲೆ 2019ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ತಾಯಿಯ ಡಿಎನ್‌ಎ ಸಿಓಐ 10% ಜಾಸ್ತಿ ಇದ್ದರೆ ಸೂಲಿಗೆ ಸರಾಸರಿ ಒಂದು ಮರಿ ಕಡಿಮೆ. ನಿಮ್ಮವಳಿಗೆ ಮರಿಗಳ ಸಂಖ್ಯೆ ಕಡಿಮೆ ಇದ್ದರೆ ಗಾಬರಿಯಾಗಬೇಡಿ. ಅವಳ ಮಗಳಿಗೆ ಅದು ಸರಿಹೋಗುವ ಹಾಗೆ ಈಗಲೇ ಗಂಡು ಆರಿಸಿ.

ಪ್ರಶ್ನೆ: ನಮಗೆ ಬ್ರೀಡಿಂಗ್ ಕಲಿಸಿದ ಹಿರಿಯರು ‘ಲೈನ್ ಬ್ರೀಡಿಂಗ್ ಬಿಟ್ಟರೆ ಟೈಪ್ ಹೋಗುತ್ತೆ’ ಅನ್ನುತ್ತಾರೆ, ಅಂದರೆ ಒಂದೇ ಮನೆತನದೊಳಗೆ ಮರಿ ಮಾಡಿಸದಿದ್ದರೆ ತಳಿಯ ರೂಪ ಕೆಡುತ್ತದೆ ಅಂತ. ಇನ್‌ಬ್ರೀಡಿಂಗ್ ಬೇರೆ, ಲೈನ್ ಬ್ರೀಡಿಂಗ್ ಬೇರೆ ಅಂತಲೂ ಹೇಳುತ್ತಾರೆ. ಈಗ ಎಲ್ಲರೂ ಮರಿ ಮಾಡಿಸುತ್ತಿರುವ ಒಂದು ಚಾಂಪಿಯನ್ ಗಂಡು ಇದ್ದಾನೆ, ನನ್ನ ಹೆಣ್ಣಿಗೆ ಅವನು ಅಜ್ಜ. ಅವನನ್ನೇ ತರಲು ಹೇಳುತ್ತಿದ್ದಾರೆ. ಅವರ ಮಾತು ಮೀರುವುದಕ್ಕೂ ಕಷ್ಟ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಗೌರವದಿಂದಲೇ ಒಪ್ಪಿಕೊಳ್ಳೋಣ. ನಂಟಿನೊಳಗೆ ಮರಿ ಮಾಡಿಸಿದರೆ ತಲೆ, ಬಾಲ, ನಡಿಗೆ ಎಲ್ಲ ಬೇಗ ಒಂದೇ ಥರ ಕೂರುತ್ತದೆ. ಯಾಕೆಂದರೆ ಜೀನ್‌ನ ಎರಡೂ ಪ್ರತಿ ಒಂದೇ ಆಗುತ್ತಾ ಹೋಗುತ್ತವೆ. ತೊಂದರೆ ಏನು ಅಂದರೆ, ಒಂದೇ ಆಗುವುದು ತಲೆ-ಬಾಲದ ಜೀನ್ ಮಾತ್ರ ಅಲ್ಲ. ರೋಗನಿರೋಧಕ ಶಕ್ತಿಯದ್ದು, ಹೃದಯದ್ದು, ಮರಿ ಹುಟ್ಟುವುದಕ್ಕೆ ಸಂಬಂಧಪಟ್ಟದ್ದು, ಎಲ್ಲವೂ ಅದೇ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತವೆ. ಅದರಲ್ಲಿ ಅಡಗಿ ಕೂತ ಕೆಟ್ಟ ಪ್ರತಿ ಇದ್ದರೆ ಅದೂ ಜೋಡಿಯಾಗುತ್ತದೆ. ಲೈನ್ ಬ್ರೀಡಿಂಗ್ ಅಂದರೂ ಇನ್‌ಬ್ರೀಡಿಂಗ್ ಅಂದರೂ ಜೀನ್‌ಗಳ ಮಟ್ಟದಲ್ಲಿ ನಡೆಯುವುದು ಇದೇ. ಒಂದು ಸ್ವಲ್ಪ ನಿಧಾನ, ಇನ್ನೊಂದು ಬೇಗ. ನಂಬರ್ ಹಾಕಿ ನೋಡಿ. ಅಜ್ಜ-ಮೊಮ್ಮಗಳು ಕೂಡಿದರೆ 12.5%, ಅದೂ ಬೇರೆ ನಂಟು ಇಲ್ಲದಿದ್ದರೆ. ಬೇರೆ ನಂಟು ಇದ್ದೇ ಇರುತ್ತದೆ ಅಂತ ಮೇಲೆ ಹೇಳಿದೆನಲ್ಲ.

ಟೈಪ್ ಉಳಿಸಿಕೊಳ್ಳುವುದಕ್ಕೆ ಇನ್ನೊಂದು ದಾರಿ ಇದೆ, ಸ್ವಲ್ಪ ಕಣ್ಣು ಬೇಕು, ತಾಳ್ಮೆ ಬೇಕು. ನೋಡುವುದಕ್ಕೆ ನಿಮ್ಮ ಹೆಣ್ಣಿನ ಥರಾನೇ ಇರುವ, ಆದರೆ ನಂಟು ಕಡಿಮೆ ಇರುವ ಗಂಡು ಹುಡುಕಿ. ಅದೇ ಎತ್ತರ, ಅದೇ ತಲೆ, ಅದೇ ಭುಜ, ಮನೆತನ ಮಾತ್ರ ಬೇರೆ. ಮರಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಕಾಣಬಹುದು, ಹೌದು. ಆದರೆ ಆರಿಸಿಕೊಳ್ಳುವುದಕ್ಕೆ ಏನಾದರೂ ವ್ಯತ್ಯಾಸ ಬೇಕಲ್ವಾ? ಎಲ್ಲ ಮರಿಯೂ ಒಂದೇ ಅಚ್ಚಿನವಾದರೆ ಮುಂದೆ ತಿದ್ದುವುದಕ್ಕೆ ಜಾಗವೇ ಇರುವುದಿಲ್ಲ.

ಆ ಚಾಂಪಿಯನ್ ವಿಷಯ. ಎಲ್ಲರೂ ಅವನನ್ನೇ ಬಳಸುತ್ತಿದ್ದಾರೆ ಅನ್ನುವುದೇ ನೀವು ಬಳಸಬಾರದು ಅನ್ನುವುದಕ್ಕೆ ನನ್ನ ಮೊದಲ ಕಾರಣ. ಒಂದು ಲೆಕ್ಕ ನೋಡಿ. ಒಂದು ತಳಿಯಲ್ಲಿ ಮರಿ ಹಾಕುವ 100 ಹೆಣ್ಣುಗಳಿವೆ, ಬಳಸುವ ಗಂಡು ನಾಲ್ಕೇ ಅಂದುಕೊಳ್ಳಿ. ಕಣ್ಣಿಗೆ 104 ನಾಯಿ. ಜೀನ್‌ಗಳ ಲೆಕ್ಕದಲ್ಲಿ ಅದು ಸುಮಾರು 15 ನಾಯಿಗಳ ಗುಂಪಿನಷ್ಟೇ. ವಿಜ್ಞಾನಿಗಳು ಇದನ್ನು ಪರಿಣಾಮಕಾರಿ ಸಂಖ್ಯೆ ಅನ್ನುತ್ತಾರೆ. ಗಂಡು-ಹೆಣ್ಣುಗಳ ಸಂಖ್ಯೆ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಸಿಗುತ್ತದೆ. ಅದೇ 100 ಹೆಣ್ಣಿಗೆ 20 ಗಂಡು ಬಳಸಿದರೆ ಸಂಖ್ಯೆ ಸುಮಾರು 67ಕ್ಕೆ ಏರುತ್ತದೆ. ಒಂದೇ ಒಂದು ಹೆಣ್ಣು ಜಾಸ್ತಿ ಆಗಿಲ್ಲ, ನೋಡಿ. ಮೊದಲನೆಯದರಲ್ಲಿ ತಲೆಮಾರಿಗೆ 3% ಮೇಲೆ ಒಳನಂಟು ಏರುತ್ತದೆ, ಎರಡನೆಯದರಲ್ಲಿ 1%ಗಿಂತ ಕಡಿಮೆ. ತಳಿಯ ಭವಿಷ್ಯ ಎಷ್ಟು ನಾಯಿ ಇವೆ ಅನ್ನುವುದಕ್ಕಿಂತ ಎಷ್ಟು ಗಂಡುಗಳಿಗೆ ಅವಕಾಶ ಕೊಡುತ್ತೇವೆ ಅನ್ನುವುದರ ಮೇಲೆ ನಿಂತಿದೆ.

ಇನ್ನೊಂದು ಭಯ ಇದೆ. ಅವನಲ್ಲಿ ಅಡಗಿರುವ ಒಂದು ರೋಗದ ಜೀನ್ ಇದ್ದರೆ ಅವನಿಗೆ ಏನೂ ಆಗಿರುವುದಿಲ್ಲ. ಅವನ ಮರಿಗಳಿಗೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 200 ಮರಿ ಹುಟ್ಟಿದರೆ ಸುಮಾರು 100 ಮರಿಗಳಲ್ಲಿ ಅದು ಸುಮ್ನೆ ಕೂತಿರುತ್ತದೆ. ಮೊಮ್ಮಕ್ಕಳು, ಮರಿಮಕ್ಕಳು ಒಂದಕ್ಕೊಂದು ಕೂಡಿದಾಗ ಏಕಾಏಕಿ ಎಲ್ಲ ಕಡೆ ಕಾಣಿಸಿಕೊಳ್ಳುತ್ತದೆ. ಅಷ್ಟೊತ್ತಿಗೆ ಅವನಿಲ್ಲದ ಮನೆತನವೇ ಉಳಿದಿರುವುದಿಲ್ಲ. ಇದಕ್ಕೇ ಎಫ್‌ಸಿಐ, ಅಂದರೆ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ, ಐದು ವರ್ಷದಲ್ಲಿ ಒಂದು ತಳಿಯಲ್ಲಿ ನೋಂದಣಿಯಾದ ಮರಿಗಳ ಸಂಖ್ಯೆಯ 5%ಗಿಂತ ಜಾಸ್ತಿ ಮರಿ ಒಂದೇ ನಾಯಿಯಿಂದ ಬರಬಾರದು ಅಂತ ಸಲಹೆ ಕೊಟ್ಟಿದೆ.

ಹಿರಿಯರಿಗೆ ಏನು ಹೇಳುವುದು ಅಂತ ಕೇಳಿದ್ದೀರಿ. ಆ ಚಾಂಪಿಯನ್ ನಿಮಗೆ ಅಷ್ಟು ಇಷ್ಟ ಆಗಿದ್ದರೆ ಅವನ ಒಡಹುಟ್ಟಿದ ಗಂಡು, ಯಾರೂ ಬಳಸದವನು ಇದ್ದಾನಾ ವಿಚಾರಿಸಿ, ಮತ್ತೊಂದು ಹೆಣ್ಣಿಗೆ, ನಂಟು ದೂರ ಇರುವವಳಿಗೆ, ಅವನನ್ನು ನೋಡೋಣ ಅನ್ನಿ. ಅದೇ ಅಪ್ಪ-ಅಮ್ಮನ ಮಗ, ಆದರೆ ಅಣ್ಣನಿಗೆ ಸಿಗದ ಜೀನ್‌ಗಳು ಎಷ್ಟೋ ಅವನಲ್ಲಿ ಉಳಿದಿರುತ್ತವೆ. ಹಿರಿಯರು ಇದನ್ನು ಕೇಳಿಸಿಕೊಳ್ಳುತ್ತಾರೆ. ಮನೆತನ ಉಳಿಸುವ ಮಾತು ಅವರಿಗೂ ಇಷ್ಟ.

ಪ್ರಶ್ನೆ: ನನ್ನ ಗಂಡುನಾಯಿ ಪಿಆರ್‌ಎ ಕಣ್ಣಿನ ರೋಗದ ಕ್ಯಾರಿಯರ್ ಅಂತ ಬಂದಿದೆ, ಅಂದರೆ ರೋಗದ ಜೀನ್ ಇದೆ, ರೋಗ ಇಲ್ಲ. ತಳಿಯ ಗುಂಪಿನಲ್ಲಿ ಎಲ್ಲರೂ ‘ಅವನನ್ನು ಬಳಸಬೇಡಿ, ಆಪರೇಷನ್ ಮಾಡಿಸಿಬಿಡಿ’ ಅನ್ನುತ್ತಿದ್ದಾರೆ. ತುಂಬ ಬೇಜಾರಾಗಿದೆ. ಅಪರೂಪದ ಹಳೇ ಲೈನ್ ಅವನದು.

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ.

ಪಿಆರ್‌ಎ ಅಂದರೆ ಕಣ್ಣಿನ ಒಳಪದರ ನಿಧಾನವಾಗಿ ಹಾಳಾಗುವ ರೋಗ. ಮೊದಲು ರಾತ್ರಿ ಕಾಣುವುದು ಕಡಿಮೆಯಾಗುತ್ತದೆ, ಆಮೇಲೆ ಪೂರ್ತಿ ಕುರುಡು. ನಾನು ಅಂಥ ನಾಯಿಯನ್ನು ನೋಡಿದ್ದೇನೆ. ಸಂಜೆ ಮಬ್ಬಾದ ಮೇಲೆ ಮೆಟ್ಟಿಲ ತುದಿಯಲ್ಲಿ ಒಂದು ಮುಂಗಾಲು ಎತ್ತಿ ಹಾಗೇ ನಿಂತುಬಿಡುತ್ತಿತ್ತು, ಕೆಳಗೆ ಎಷ್ಟು ಆಳ ಅಂತ ಗೊತ್ತಾಗದೆ. ಹಾಗಾಗಿ ಈ ರೋಗವನ್ನು ಹಗುರವಾಗಿ ತೆಗೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ.

ಆದರೆ ನಾಯಿಗಳಲ್ಲಿ ಜಾಸ್ತಿ ಕಾಣುವ ಪಿಆರ್‌ಸಿಡಿ ಬಗೆಯ ಪಿಆರ್‌ಎ ಬರಬೇಕಾದರೆ ಕೆಟ್ಟ ಪ್ರತಿ ಎರಡು ಬೇಕು. ನಿಮ್ಮ ಹುಡುಗನಲ್ಲಿ ಇರುವುದು ಒಂದು. ಅವನ ಕಣ್ಣಿಗೆ ಈ ಜೀನ್‌ನಿಂದ ಏನೂ ಆಗುವುದಿಲ್ಲ. ಟೆಸ್ಟ್‌ನಲ್ಲಿ ಕ್ಲಿಯರ್ ಬಂದ, ಅಂದರೆ ಕೆಟ್ಟ ಪ್ರತಿ ಒಂದೂ ಇಲ್ಲದ ಹೆಣ್ಣಿಗೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧ ಕ್ಯಾರಿಯರ್, ಅರ್ಧ ಕ್ಲಿಯರ್. ರೋಗ ಬರುವ ಮರಿ ಒಂದೂ ಇಲ್ಲ. ಇಬ್ಬರೂ ಕ್ಯಾರಿಯರ್ ಆದರೆ ನಾಲ್ಕರಲ್ಲಿ ಒಂದರ ಲೆಕ್ಕದಲ್ಲಿ ರೋಗದ ಮರಿ ಬರುತ್ತದೆ. ಟೆಸ್ಟ್ ಇರುವುದೇ ಇದಕ್ಕೆ. ಆ ಎರಡನ್ನು ಕೂಡಿಸದೆ ಇರುವುದಕ್ಕೆ, ನಾಯಿಯನ್ನೇ ತೆಗೆದುಹಾಕುವುದಕ್ಕಲ್ಲ.

ಅವನನ್ನು ತೆಗೆದರೆ ಒಂದು ಕೆಟ್ಟ ಜೀನ್ ಜೊತೆ ಸಾವಿರಾರು ಒಳ್ಳೆಯ ಜೀನ್‌ಗಳೂ ಹೋಗುತ್ತವೆ. ಅದರಲ್ಲೂ ಅಪರೂಪದ ಲೈನ್ ಅಂತೀರಿ. ಹೀಗೆ ಒಂದೊಂದು ಟೆಸ್ಟ್ ಬಂದಾಗಲೂ ಕ್ಯಾರಿಯರ್‌ಗಳನ್ನೆಲ್ಲ ತೆಗೆಯುತ್ತಾ ಹೋದರೆ ಉಳಿದ ಸ್ವಲ್ಪ ನಾಯಿಗಳು ಇನ್ನೂ ಹತ್ತಿರದ ನಂಟಾಗುತ್ತವೆ, ಮತ್ತು ಟೆಸ್ಟೇ ಇಲ್ಲದ ಬೇರೊಂದು ರೋಗ ಅಲ್ಲಿಂದ ತಲೆ ಎತ್ತುತ್ತದೆ. ಅವನನ್ನು ಕ್ಲಿಯರ್ ಹೆಣ್ಣುಗಳಿಗೆ ಒಂದೆರಡು ಸಲ ಕೂಡಿಸಿ. ಮರಿಗಳನ್ನು ಟೆಸ್ಟ್ ಮಾಡಿಸಿ. ಒಳ್ಳೆಯ ಕ್ಲಿಯರ್ ಮಗನೋ ಮಗಳೋ ಸಿಕ್ಕರೆ ಅವನ ಜಾಗಕ್ಕೆ ಅದನ್ನು ಇಟ್ಟುಕೊಳ್ಳಿ. ಕ್ಯಾರಿಯರ್ ಮರಿ ಕೊಡುವಾಗ ತೆಗೆದುಕೊಳ್ಳುವವರಿಗೆ ಕಾಗದದಲ್ಲೇ ಬರೆದುಕೊಡಿ. ಮುಚ್ಚಿಟ್ಟರೆ ಮಾತ್ರ ನೀವು ತಪ್ಪು ಮಾಡಿದ ಹಾಗೆ.

ಪ್ರಶ್ನೆ: ನಮ್ಮ ಪೂಡಲ್‌ಗೆ ಐಆರ್ ಅಂತ ಮೈನಸ್ 0.08 ಬಂದಿದೆ. ಮೈನಸ್ ಅಂದರೆ ಕೆಟ್ಟದ್ದಾ? ಡಿಎಲ್‌ಎ ಅಂತ ಒಂದಷ್ಟು ನಂಬರ್ ಕೂಡ ಇವೆ.

ಉತ್ತರ: ಕೆಟ್ಟದ್ದಲ್ಲ, ಒಳ್ಳೆಯ ಸುದ್ದಿ. ನಿಮ್ಮ ರಿಪೋರ್ಟ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯ ಜೆನೆಟಿಕ್ಸ್ ಲ್ಯಾಬ್ ಮಾಡುವ ಬಗೆಯದು. ಅವರು ಡಿಎನ್‌ಎಯ 33 ಗುರುತು ನೋಡುತ್ತಾರೆ, ಅದಲ್ಲದೆ ಡಿಎಲ್‌ಎ ಭಾಗದಲ್ಲಿ 7 ಗುರುತು. ಐಆರ್ ಅಂದರೆ ಅಪ್ಪ-ಅಮ್ಮನ ನಡುವೆ ಎಷ್ಟು ನಂಟು ಇತ್ತು ಅಂತ ಹೇಳುವ, ಮೈನಸ್ 1ರಿಂದ ಪ್ಲಸ್ 1ರವರೆಗೆ ಹೋಗುವ ಅಳತೆ. 0.25 ಬಂದರೆ ಒಡಹುಟ್ಟಿದವುಗಳನ್ನು ಕೂಡಿಸಿದಾಗ ಬರುವ ಮರಿಯ ಹಾಗೆ. ಮೈನಸ್ ಕಡೆಗಿದ್ದರೆ ಅಪ್ಪ-ಅಮ್ಮನ ನಡುವೆ ನಂಟು ಕಡಿಮೆ ಇತ್ತು ಅಂತ. ಮೈನಸ್ 0.08ಕ್ಕೂ ಮೈನಸ್ 0.05ಕ್ಕೂ ಮಾತ್ರ ವ್ಯತ್ಯಾಸ ಹುಡುಕಬೇಡಿ. 33 ಗುರುತು ಅಂದರೆ ಒಂದು ಮಾದರಿ ನೋಟ, ಅಷ್ಟು ಸೂಕ್ಷ್ಮವಾಗಿ ಅದು ಹೇಳಲಾರದು.

ಡಿಎಲ್‌ಎ ಇರುವುದು 12ನೇ ಕ್ರೋಮೋಸೋಮ್‌ನಲ್ಲಿ. ರೋಗನಿರೋಧಕ ಶಕ್ತಿ ‘ಇದು ನಮ್ಮದು, ಇದು ಹೊರಗಿನದು’ ಅಂತ ಗುರುತು ಹಿಡಿಯುವ ಕೆಲಸಕ್ಕೆ ಸಂಬಂಧಪಟ್ಟ ಜೀನ್‌ಗಳು ಅಲ್ಲಿವೆ. ಗಂಡು-ಹೆಣ್ಣಿನ ಡಿಎಲ್‌ಎ ನಂಬರ್‌ಗಳು ಬೇರೆ ಬೇರೆ ಇದ್ದರೆ ಒಳ್ಳೆಯದು. ತಳಿಯಲ್ಲಿ ಅಪರೂಪವಾಗಿರುವ ಬಗೆ ನಿಮ್ಮ ನಾಯಿಯಲ್ಲಿದ್ದರೆ ಅದು ಕಳೆದುಹೋಗದಂತೆ ನೋಡಿಕೊಳ್ಳಿ. ಡಿಎಲ್‌ಎ ಒಂದನ್ನೇ ನೋಡಿ ಗಂಡು ಆರಿಸಬೇಡಿ ಅಷ್ಟೇ.

ಪ್ರಶ್ನೆ: ಎರಡು ಗಂಡು ಸಿಕ್ಕಿವೆ. ಮೊದಲನೆಯವನ ಜೊತೆ ಮರಿಗಳ ಅಂದಾಜು ಸಿಓಐ 9%. ಆದರೆ ಅವನ ಸೊಂಟದ ಎಕ್ಸ್‌ರೇ ಚೆನ್ನಾಗಿಲ್ಲ, ಪಟಾಕಿ ಸದ್ದಿಗೆ ಅಂತಲ್ಲ, ಯಾರಾದರೂ ಹೊಸಬರು ಬಂದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಎರಡನೆಯವನ ಜೊತೆ 14%, ಆದರೆ ಆರೋಗ್ಯ, ಸ್ವಭಾವ ಎಲ್ಲ ಚೆನ್ನಾಗಿದೆ. ಕಡಿಮೆ ನಂಬರ್ ಅಂತ ಮೊದಲನೆಯವನನ್ನೇ ಆರಿಸಬೇಕಾ?

ಉತ್ತರ: ಬೇಡ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಸಿಓಐ ನಂಬರ್ ಅನ್ನುವುದು ಎರಡನೇ ಬಾಗಿಲು. ಮೊದಲ ಬಾಗಿಲು ಆರೋಗ್ಯ ಮತ್ತು ಸ್ವಭಾವ. ಅದನ್ನು ದಾಟಿ ಬಂದ ನಾಯಿಗಳ ನಡುವೆ ಯಾರು ಅಂತ ಆರಿಸುವಾಗ ನಂಟಿನ ಲೆಕ್ಕ ಬರಬೇಕು. ಸೊಂಟದ ತೊಂದರೆ, ಹೆದರುಕುಳಿತನ ಇವೆರಡೂ ಮರಿಗಳಿಗೆ ಇಳಿಯುತ್ತವೆ. ಅದೂ ಒಂದು ಜೀನ್‌ನಿಂದ ಅಲ್ಲ, ಹಲವು ಸೇರಿ. ಸಿಓಐ ಕಡಿಮೆ ಮಾಡಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಪ್ರತಿ ಅತಿಥಿ ಬಂದಾಗಲೂ ಮಂಚದ ಕೆಳಗೆ ನಡುಗುವ ಜೀವದ ಕಷ್ಟ ಶೇಕಡಾವಾರಿನಲ್ಲಿ ಕಾಣುವುದಿಲ್ಲ.

ಆದರೆ 14%ಗೂ ಆತುರದಿಂದ ಹೂಂ ಅನ್ನಬೇಡಿ. ಅವಳು ಮತ್ತೆ ಬೆದೆಗೆ ಬರುವುದಕ್ಕೆ ಇನ್ನೂ ತಿಂಗಳುಗಳಿವೆ, ಅಲ್ವಾ? ಮೂರನೆಯವನನ್ನು ಹುಡುಕಿ. ಎಂಟು-ಹತ್ತು ವರ್ಷವಾದರೂ ಗಟ್ಟಿಯಾಗಿ ಓಡಾಡುತ್ತಿರುವ ಮುದುಕನನ್ನು ಯಾರೂ ಕೇಳುವುದಿಲ್ಲ. ಎರಡು ವರ್ಷದ ಚೆಲುವನ ರಿಪೋರ್ಟುಗಳಿಗಿಂತ ಅವನ ಬದುಕೇ ಜಾಸ್ತಿ ಹೇಳುತ್ತದೆ. ಹಿಂದಿನ ಕಾಲದ ಗಂಡುಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟವರಿರುತ್ತಾರೆ. ಈಗ ಕಾಣೆಯಾಗಿರುವ ಮನೆತನವನ್ನು ಮತ್ತೆ ತರುವುದಕ್ಕೆ ಅದು ಒಳ್ಳೆಯ ದಾರಿ. ದೂರದ ದೇಶದಿಂದ ತಂದ ನಾಯಿ ಅಂದ ಮಾತ್ರಕ್ಕೆ ನಂಟು ಕಡಿಮೆ ಅಂದುಕೊಳ್ಳಬೇಡಿ, ಅದೇ ಹೆಸರಾಂತ ಗಂಡುಗಳು ಗಡಿ ದಾಟಿ ಎಲ್ಲ ಕಡೆ ಹೋಗಿರುತ್ತವೆ. ಟೆಸ್ಟ್ ಮಾಡಿಸಿಯೇ ನೋಡಿ.

ಮತ್ತೊಂದು ಮಾತು, ಇದನ್ನು ನಾನು ಇತ್ತೀಚೆಗೆ ಜಾಸ್ತಿ ನೋಡುತ್ತಿದ್ದೇನೆ. ಒಂದು ಗಂಡಿನ ನಂಬರ್ ಕಡಿಮೆ ಇದೆ ಅಂತ ಸುದ್ದಿಯಾದ ತಕ್ಷಣ ಎಲ್ಲರೂ ಅವನ ಹಿಂದೆ ಬೀಳುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅವನೇ ಎಲ್ಲರಿಗೂ ಅಜ್ಜ. ಹಳೇ ಚಾಂಪಿಯನ್ ಮಾಡಿದ್ದನ್ನೇ ಇವನೂ ಮಾಡಿದ ಹಾಗಾಯಿತು. ಪ್ರಾಣಿ ಸಂಗ್ರಹಾಲಯಗಳಲ್ಲಿ ಅಪರೂಪದ ಪ್ರಾಣಿಗಳ ಜೋಡಿ ಮಾಡುವಾಗ ‘ಸರಾಸರಿ ನಂಟು’ ಅಂತ ನೋಡುತ್ತಾರೆ. ಈ ಪ್ರಾಣಿಗೆ ಇಡೀ ಗುಂಪಿನ ಜೊತೆ ಸರಾಸರಿ ಎಷ್ಟು ನಂಟು ಅಂತ. ಕಡಿಮೆ ನಂಟಿನವಕ್ಕೆ ಮೊದಲ ಅವಕಾಶ. ಮರಿಗಳಾದಂತೆ ಆ ಲೆಕ್ಕ ಬದಲಾಗುತ್ತದೆ, ಅವಕಾಶ ಇನ್ನೊಬ್ಬರಿಗೆ ಹೋಗುತ್ತದೆ. ನಿಮ್ಮ ತಳಿ ಸಂಘದಲ್ಲಿ ನಾಲ್ಕು ಜನ ಸೇರಿ ಡಿಎನ್‌ಎ ಫಲಿತಾಂಶ ಹಂಚಿಕೊಂಡರೆ ಇದನ್ನು ನೀವೂ ಮಾಡಬಹುದು. ಒಬ್ಬರೇ ಕೂತು ಮಾಡುವ ಕೆಲಸ ಇದಲ್ಲ.

ಪ್ರಶ್ನೆ: ಬೇರೆ ತಳಿ ಸೇರಿಸಿ ಆಮೇಲೆ ಮತ್ತೆ ಶುದ್ಧ ಮಾಡಬಹುದು ಅಂತ ಕೇಳಿದೆ. ಹಾಗೆ ಮಾಡಿದರೆ ಅದು ಶುದ್ಧ ತಳಿ ಹೇಗಾಗುತ್ತದೆ? ನನಗೆ ಒಪ್ಪಿಗೆ ಆಗುತ್ತಿಲ್ಲ.

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಡಾಲ್ಮೇಷಿಯನ್ ಕಥೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಚುಕ್ಕೆ ನಾಯಿ ಡಾಲ್ಮೇಷಿಯನ್‌ನ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ. ಅದರಿಂದ ಮೂತ್ರದಲ್ಲಿ ಕಲ್ಲು. ಗಂಡುನಾಯಿಗೆ ಕಲ್ಲು ಸಿಕ್ಕಿಹಾಕಿಕೊಂಡು ಮೂತ್ರ ಕಟ್ಟಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ತಡೆಯುವ ಜೀನ್ ಬೇರೆ ತಳಿಗಳಲ್ಲಿ ಸರಿಯಾಗಿದೆ, ಆದರೆ ಆ ಸರಿಯಾದ ಪ್ರತಿ ಶುದ್ಧ ಡಾಲ್ಮೇಷಿಯನ್‌ಗಳಲ್ಲಿ ಉಳಿದೇ ಇರಲಿಲ್ಲ. ಎಷ್ಟೇ ಒಳ್ಳೆಯ ಜೋಡಿ ಮಾಡಿ, ಇಲ್ಲದ್ದನ್ನು ಎಲ್ಲಿಂದ ತರುವುದು? 1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಅನ್ನುವ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ತಳಿಯ ನಾಯಿಯ ಜೊತೆ ಡಾಲ್ಮೇಷಿಯನ್ ಕೂಡಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಸರಿಯಾದ ಜೀನ್ ಇರುವ ಮರಿ ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಹೋದರು. ಪಾಯಿಂಟರ್ ಪಾಲು ಅರ್ಧ, ಕಾಲು, ಅರೆಕಾಲು ಅಂತ ಕರಗುತ್ತಾ ಬಂತು. 1981ರಲ್ಲಿ ಅಮೆರಿಕನ್ ಕೆನ್ನೆಲ್ ಕ್ಲಬ್ ಎರಡು ನಾಯಿಗಳನ್ನು ನೋಂದಣಿ ಮಾಡಿತು, ತಳಿ ಸಂಘದವರ ವಿರೋಧ ಬಂದಾಗ ನಿಲ್ಲಿಸಿತು. ಕೆಲಸ ಮಾತ್ರ ನಿಲ್ಲಲಿಲ್ಲ. 2008ರಲ್ಲಿ ಜೀನ್ ಯಾವುದು ಅಂತ ಪತ್ತೆಯಾಯಿತು, ಎಸ್‌ಎಲ್‌ಸಿ2ಎ9. 2011ರಲ್ಲಿ ಕ್ಲಬ್ ಒಪ್ಪಿಕೊಂಡಿತು. ಆ ನಾಯಿಗಳನ್ನು ಪಕ್ಕದಲ್ಲಿ ನಿಲ್ಲಿಸಿದರೆ ಚುಕ್ಕೆ ನೋಡಿ ಯಾರೂ ಬೇರೆ ಅನ್ನಲಾರರು. ಮೂತ್ರ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ. ನಡುವಿನ ಮೂವತ್ತು ವರ್ಷದಲ್ಲಿ ಎಷ್ಟು ನಾಯಿಗಳು ಆ ಕಲ್ಲಿನಿಂದ ಒದ್ದಾಡಿದವೋ ಅಂತ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ನಾರ್ವೆಯ ಲುಂಡೆಹುಂಡ್ ಇನ್ನೂ ಕಷ್ಟದಲ್ಲಿದೆ. ಒಂದೊಂದು ಪಾದಕ್ಕೆ ಆರು ಬೆರಳು ಇರುವ, ಬಂಡೆ ಸಂದಿಯಲ್ಲಿ ಪಫಿನ್ ಹಕ್ಕಿ ಹಿಡಿಯುತ್ತಿದ್ದ ನಾಯಿ. ಡಿಸ್ಟೆಂಪರ್ ಅನ್ನುವ ಅಂಟುರೋಗ ಬಂದು 1960ರ ದಶಕದಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಇವತ್ತಿನವೆಲ್ಲ ಅವುಗಳ ಸಂತತಿ. ಕರುಳಿನ ರೋಗ ತಳಿಯ ತುಂಬ ಹರಡಿದೆ. ಅಲ್ಲಿ ಒಳಗೊಳಗೇ ಜೋಡಿ ಬದಲಾಯಿಸಿ ಪ್ರಯೋಜನವಿಲ್ಲ, ಎಲ್ಲ ನಾಯಿಯೂ ಹತ್ತಿರದ ನಂಟೇ. ಅದಕ್ಕೇ ಬುಹುಂಡ್, ಐಸ್‌ಲ್ಯಾಂಡ್ ಕುರಿನಾಯಿ, ನಾರ್‌ಬಾಟನ್‌ಸ್ಪೆಟ್ಸ್ ತಳಿಗಳನ್ನು ಸೇರಿಸುವ ಕೆಲಸ ನಡೆಸಿದ್ದಾರೆ.

ಎಲ್ಲ ತಳಿಗೂ ಇದು ಬೇಕಿಲ್ಲ. ತಳಿಯೊಳಗೇ ಬಳಸದ ವೈವಿಧ್ಯ ಇನ್ನೂ ಇದ್ದರೆ ಮೊದಲು ಅದನ್ನು ಬಳಸಿ. ಆಫ್ರಿಕಾ ಮೂಲದ ಬಸೆಂಜಿ ತಳಿಗೆ ಆ ಅದೃಷ್ಟ ಇತ್ತು. 1990ರಲ್ಲಿ ಅಮೆರಿಕದಲ್ಲಿ ಅದರ ನೋಂದಣಿ ಪುಸ್ತಕ ಮತ್ತೆ ತೆರೆದು ಆಫ್ರಿಕಾದಿಂದ ತಂದ ಅದೇ ಬಗೆಯ ನಾಯಿಗಳನ್ನು ಸೇರಿಸಿಕೊಂಡರು. ಇಂಥ ದಾರಿ ಯಾವುದೂ ಇಲ್ಲ ಅಂತ ಡಿಎನ್‌ಎ ತೋರಿಸಿದಾಗ ಮಾತ್ರ ಹೊರಗಿನ ತಳಿ. ಅದೂ ಸಂಘದ ಯೋಜನೆಯಲ್ಲಿ, ದಾಖಲೆ ಇಟ್ಟುಕೊಂಡು. ಒಬ್ಬರು ಮನೆಯಲ್ಲಿ ತಮಗೆ ತೋಚಿದ ಹಾಗೆ ಮಾಡಿದರೆ ತಳಿಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ನಾನು ಬ್ರೀಡರ್ ಅಲ್ಲ, ಮನೆಗೆ ಒಂದು ಮರಿ ಬೇಕು ಅಷ್ಟೇ. ಇದೆಲ್ಲ ನನಗೆ ಯಾಕೆ? ಕೇಳಬೇಕು ಅಂದರೂ ಏನು ಕೇಳಲಿ?

ಉತ್ತರ: ನೀವು ಕೇಳಿದರೆ ಬ್ರೀಡರ್‌ಗಳೂ ಟೆಸ್ಟ್ ಮಾಡಿಸುತ್ತಾರೆ, ಅದಕ್ಕೇ ನಿಮಗೆ ಬೇಕು. ಅಪ್ಪ-ಅಮ್ಮನಿಗೆ ಏನು ನಂಟು ಅಂತ ನೇರವಾಗಿ ಕೇಳಿ. ಬ್ರಿಟನ್ನಿನ ಕೆನ್ನೆಲ್ ಕ್ಲಬ್ 2009ರಿಂದ ಅಪ್ಪ-ಮಗಳು, ಅಮ್ಮ-ಮಗ, ಒಡಹುಟ್ಟಿದವುಗಳ ಮರಿಗಳನ್ನು ನೋಂದಣಿಯನ್ನೇ ಮಾಡುವುದಿಲ್ಲ. ಹಾಗಾಗಿ ಇದು ಅಧಿಕಪ್ರಸಂಗದ ಪ್ರಶ್ನೆ ಅಲ್ಲ. ಮರಿಗಳ ಅಂದಾಜು ಸಿಓಐ ಎಷ್ಟು, ಪೆಡಿಗ್ರೀಯಿಂದ ತೆಗೆದದ್ದಾ ಡಿಎನ್‌ಎಯಿಂದಲಾ, ಪೆಡಿಗ್ರೀ ಆದರೆ ಎಷ್ಟು ತಲೆಮಾರು ಅಂತ ಕೇಳಿ. ‘ಸಿಓಐ ಸೊನ್ನೆ’ ಅಂತ ಹೇಳಿ ಮೂರು ತಲೆಮಾರಿನ ಹಾಳೆ ತೋರಿಸಿದರೆ ಆ ಸೊನ್ನೆಯನ್ನು ನಂಬಬೇಡಿ. ಅಜ್ಜ-ಅಜ್ಜಿ ಬದುಕಿದ್ದಾರಾ, ಇಲ್ಲದಿದ್ದರೆ ಎಷ್ಟು ವರ್ಷಕ್ಕೆ, ಏನಾಗಿ ಹೋದರು ಅಂತಲೂ ಕೇಳಿ.

ಒಳ್ಳೆಯ ಬ್ರೀಡರ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಒಬ್ಬರ ಮನೆಯಲ್ಲಿ ನಾನು ಇದನ್ನು ಕೇಳಿದಾಗ ಅವರು ಎದ್ದು ಒಳಗೆ ಹೋಗಿ ದಪ್ಪನೆಯ ಫೈಲ್ ತಂದು ನನ್ನ ಮುಂದೆ ಇಟ್ಟರು. ಸತ್ತ ನಾಯಿಗಳ ರಿಪೋರ್ಟ್ ಕೂಡ ಅದರಲ್ಲಿತ್ತು, ಅವರ ಕೈಬರಹದಲ್ಲಿ ಪಕ್ಕಕ್ಕೆ ಟಿಪ್ಪಣಿ. ನಾನು ಓದುತ್ತಾ ಕೂತಿದ್ದ ಅಷ್ಟೂ ಹೊತ್ತು ತಾಯಿ ನಾಯಿ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿತ್ತು. ಮರಿ ತೆಗೆದುಕೊಳ್ಳಲು ಅಂಥ ಮನೆಗೆ ಹೋಗಿ.